ಜಡೆ ಬಿಚ್ಚುವ ಹಾಡಿನಲ್ಲಿ ನಾನು ಕತ್ತರಿಸಿದ ನಾಲ್ಕು ನಿಮಿಷ

ಹನ್ನೆರಡು ವರ್ಷದ ಹಿಂದಿನ ಮಾತು. ಆಗ ಆಂಧ್ರದ ಗಡಿಯ ಹಿಂದೂಪುರದ ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಆಡಿಯೋ ಎಡಿಟಿಂಗ್ ಅಂಗಡಿ ಇತ್ತು. ಬೋರ್ಡಿನ ಮೇಲೆ ಸ್ಟುಡಿಯೋ ಎಂದು ಬರೆಸಿದ್ದೆ. ಒಳಗೆ ಇದ್ದದ್ದು ಒಂದು ಕಂಪ್ಯೂಟರ್, ಒಂದು ಮೈಕ್, ಗೋಡೆಗೆ ಹೊಡೆದ ಹಳೇ ರಗ್ಗುಗಳು. ಸ್ಕೂಲ್ ಡೇ ಹತ್ತಿರ ಬಂದರೆ ಟೀಚರ್‌ಗಳು ಸಾಲುಗಟ್ಟಿ ನಿಲ್ಲುತ್ತಿದ್ದರು. ಒಂದು ಹಾಡಿನ ಪಲ್ಲವಿ, ಇನ್ನೊಂದರ ಬೀಟ್, ನಡುವೆ ಒಂದು ಗುಡುಗು, ಕೊನೆಗೆ ಎಲ್ಲರೂ ಕೈ ಎತ್ತಿ ನಿಲ್ಲಲು ಒಂದು ‘ಢಂ’. ಇವನ್ನು ಕತ್ತರಿಸಿ, ಅಂಟಿಸಿ, ಪೆನ್‌ಡ್ರೈವ್‌ಗೆ ಹಾಕಿಕೊಡುವುದೇ ನನ್ನ ಕಸುಬು. ಊರಿನ ಅರ್ಧ ಮಕ್ಕಳು ನಾನು ಕತ್ತರಿಸಿದ ಹಾಡಿಗೇ ಕುಣಿದು ದೊಡ್ಡವರಾಗಿದ್ದಾರೆ. ಅಹಂಕಾರ ಇತ್ತು, ಸುಳ್ಳು ಹೇಳುವುದಿಲ್ಲ.

ಒಂದು ಮಧ್ಯಾಹ್ನ ಮಗ್ಗದವರ ಬೀದಿಯ ಪದ್ಮಕ್ಕ ಬಂದರು. ಜೊತೆಗೆ ಓಬಳಪ್ಪ, ಆ ಬೀದಿಯ ಹೆಂಗಸರಿಗೆ ಜಡೆ ಕೋಲಾಟ ಕಲಿಸಿದ ಗುರು.

ಜಡೆ ಕೋಲಾಟ ನೋಡದವರಿಗೆ ಎರಡು ಮಾತು. ಮೇಲಿನ ಕೊಕ್ಕೆಯಿಂದ ಎಂಟು ಬಣ್ಣದ ಹಗ್ಗ ಇಳಿಬಿಟ್ಟಿರುತ್ತಾರೆ. ಎಂಟು ಹೆಂಗಸರು ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಕೋಲು ಹಿಡಿಯುತ್ತಾರೆ. ನಾಲ್ವರು ಈ ಕಡೆಯಿಂದ, ನಾಲ್ವರು ಆ ಕಡೆಯಿಂದ ಸುತ್ತುತ್ತಾ ಒಬ್ಬರ ಒಳಗಿಂದ, ಇನ್ನೊಬ್ಬರ ಹೊರಗಿಂದ ನುಸುಳಿದ ಹಾಗೆಲ್ಲ ಮೇಲೆ ಜಡೆ ಹೆಣೆದುಕೊಳ್ಳುತ್ತದೆ. ಅರ್ಧ ಹಾಡಿಗೆ ಹೆಣೆಯಬೇಕು, ಉಳಿದರ್ಧಕ್ಕೆ ಬಂದ ದಾರಿಯಲ್ಲೇ ವಾಪಸ್ ಹೋಗಿ ಬಿಚ್ಚಬೇಕು. ಬಿಚ್ಚದೆ ಆಟ ಮುಗಿಸುವುದು ಆ ಬೀದಿಯವರಲ್ಲಿ ಇಲ್ಲವೇ ಇಲ್ಲ.

“ಅಣ್ಣ, ಮುಂದಿನ್ ತಿಂಗ್ಳು ನಮ್ ಗುರುಗಳ್ ಗಂಟ್ಲಿಗೆ ಆಪರೇಷನ್ನು” ಎಂದರು ಪದ್ಮಕ್ಕ. “ಆಮೇಲೆ ಹಾಡೋಕಾಯ್ತದೋ ಇಲ್ವೋ, ಡಾಕ್ಟ್ರೇ ಹೇಳ್ತಿಲ್ಲ. ಈ ಹಾಡು ಬೇರೆ ಯಾರ್ಗೂ ಬರಾಕಿಲ್ಲ. ಹಿಡ್ದು ಇಟ್ಕೊಡು.”

“ಹಿಡ್ದು ಇಡಾಕೆ ಅದೇನ್ ಕೋಳಿಯೇನಮ್ಮ” ಎಂದ ಓಬಳಪ್ಪ.

ಮೈಕ್ ಮುಂದೆ ನಿಲ್ಲಿಸಿದೆ. ಎರಡು ಸಾಲು ಹಾಡಿ ನಿಲ್ಲಿಸಿಬಿಟ್ಟ. ಮತ್ತೆ ಶುರು, ಮತ್ತೆ ನಿಲುಗಡೆ. ನನಗೆ ಸಿಟ್ಟು ಬರುವಷ್ಟರಲ್ಲಿ ಅವನಿಗೇ ಬಂತು. “ಯಾರ್ನ ನೋಡ್ಕಂಡ್ ಹಾಡ್ಲಾ? ನಿನ್ ಮಖಾನಾ?”

ಆಮೇಲೆ ಪದ್ಮಕ್ಕನ ಚೀಲದಿಂದ ಎಂಟು ತುಂಡು ರೇಷ್ಮೆ ನೂಲು ಈಸಿಕೊಂಡ. ಅವನ್ನು ಮೈಕ್ ಸ್ಟ್ಯಾಂಡಿಗೆ ಕಟ್ಟಿ, ಎರಡೂ ಕೈಯ ಬೆರಳಿಗೆ ಸಿಕ್ಕಿಸಿಕೊಂಡು, ಒಂದೊಂದು ಬೆರಳನ್ನು ಒಬ್ಬೊಬ್ಬ ಹೆಂಗಸು ಎಂದುಕೊಂಡು ಹೆಣೆಯುತ್ತಾ ಹಾಡಿದ. ಆಗ ಬಂತು ಹಾಡು. ಎಂಥಾ ಹಾಡು ಅಂತೀರಿ, ಒಡೆದ ಗಂಟಲಿನಿಂದಲೂ ತಾಳ ಕೂದಲೆಳೆಯಷ್ಟು ಅಲುಗಲಿಲ್ಲ. ನಡುನಡುವೆ ರಾಗದಲ್ಲೇ, “ರೂಪಾ, ಒಳಕ್ ಬಾರೇ”, “ಪದ್ಮಾ, ನಿಧಾನ, ನಿಂಗೇನ್ ಬಸ್ಸು ಹೋಯ್ತದಾ” ಎಂದು ಬೆರಳುಗಳನ್ನು ಗದರುತ್ತಿದ್ದ. ರೂಪ ಎಂದರೆ ಪದ್ಮಕ್ಕನ ಅಣ್ಣನ ಮಗಳು, ಗುಂಪಿಗೆ ಹೊಸಬಳು. ಕೆಲವು ಕಡೆ ಅದೇ ಸಾಲನ್ನು ಎರಡು ಸಲ, ಮೂರು ಸಲ ಹಾಡಿದ. ಕೆಮ್ಮಿದ. ಒಟ್ಟು ಹನ್ನೊಂದು ನಿಮಿಷ ಆಯಿತು.

ಓಬಳಪ್ಪನ ಆಪರೇಷನ್ ಆದ ಮೇಲೆ ಕಲ್ಯಾಣದುರ್ಗದಿಂದ ಒಂದು ಕಲಾ ಪ್ರದರ್ಶನಕ್ಕೆ ಕರೆ ಬಂತು. ಒಂದು ಗುಂಪಿಗೆ ಏಳು ನಿಮಿಷ, ಹಾಡುವವರಿಗೆ ಮೈಕ್ ಇಲ್ಲ, ಹಾಡು ಪೆನ್‌ಡ್ರೈವ್‌ನಲ್ಲೇ ಬರಬೇಕು. ಗುರು ಎದುರು ನಿಂತು ಹಾಡದೆ, ಬರೀ ರೆಕಾರ್ಡಿಂಗ್ ನಂಬಿಕೊಂಡು ಈ ಆಟ ನಡೆಯುತ್ತದೋ ಇಲ್ಲವೋ ಅಂದೇ ಗೊತ್ತಾಗಬೇಕಿತ್ತು. ನಡೆಯದಿದ್ದರೆ ಹಗ್ಗ ಸುತ್ತಿ ಅಟ್ಟಕ್ಕೆ ಹಾಕುವುದೇ ಎಂದಿದ್ದರು ಪದ್ಮಕ್ಕ.

ನಾನು ಹುರುಪಿನಲ್ಲಿ ಕುಳಿತೆ. ಕೆಮ್ಮು ತೆಗೆದೆ. ಗದರಿದ್ದನ್ನೆಲ್ಲ ತೆಗೆದೆ. ಎರಡೆರಡು ಸಲ ಬಂದ ಸಾಲುಗಳನ್ನು ಒಂದಕ್ಕಿಳಿಸಿದೆ. ಹಿಂದಿನ ಗುಂಯ್ ಸದ್ದನ್ನೂ ಒರೆಸಿದೆ. ಏಳು ನಿಮಿಷ ಅಂದರೆ ಏಳೇ ನಿಮಿಷ. ಗಾಜಿನ ಹಾಗೆ ಸ್ವಚ್ಛ.

ಹೆಂಗಸರು ಫೋನಿನಲ್ಲಿ ಹಾಕಿಕೊಂಡು ಅಭ್ಯಾಸ ಮಾಡಿದರು, ಆದರೆ ಹಗ್ಗವಿಲ್ಲದೆ. ಹಗ್ಗ ಕಟ್ಟುವ ತೊಲೆ ಇದ್ದ ಭಜನೆ ಮನೆಗೆ ಆಗ ಸುಣ್ಣ ಬಳಿಯುತ್ತಿದ್ದರು. ಬರೀ ಹೆಜ್ಜೆ ಹಾಕಿದರೆ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ.

ಟೆಂಪೋ ಮಾಡಿಕೊಂಡು ಹೊರಟೆವು. ಬೇರೆಯವರ ಸೌಂಡ್ ಕನ್ಸೋಲ್ ಮೇಲೆ ನಂಬಿಕೆಯಿಲ್ಲದ ನಾನು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡಿದ್ದೆ. ಓಬಳಪ್ಪನ ಕುತ್ತಿಗೆಗೆ ಬ್ಯಾಂಡೇಜ್ ಇತ್ತು, ಮಾತಾಡಬಾರದೆಂದು ಕಟ್ಟಪ್ಪಣೆ. ಏನಾದರೂ ಬೇಕಿದ್ದರೆ ಚಪ್ಪಾಳೆ ತಟ್ಟುತ್ತಿದ್ದ. “ಈಗ ನೆಮ್ಮದಿ ಕಣೇ, ಬಯ್ಯೋರಿಲ್ಲ” ಎಂದು ಹೆಂಗಸರು ರೇಗಿಸಿದರು. ಅದಕ್ಕೂ ಒಂದು ಚಪ್ಪಾಳೆ ಬಿತ್ತು.

ನಮಗಿಂತ ಮೊದಲು ಕುಂದುರ್ಪಿ ಕಡೆಯ ಉರುಮೆ ವಾದ್ಯದವರು. ಬಾಗಿದ ಕಡ್ಡಿಯನ್ನು ಚರ್ಮಕ್ಕೆ ಒತ್ತಿ ಉಜ್ಜಿದಾಗ ಬರುವ ಆ ಕೂಗಿಗೆ ಕುರ್ಚಿಯೇ ನಡುಗುತ್ತಿತ್ತು. ಆಮೇಲೆ ನಮ್ಮವರು ಹತ್ತಿದರು. ಹೆಣೆಯುವ ಭಾಗ ಹೂವಿನಂತೆ ಆಯಿತು. ಬಿಚ್ಚುವಾಗ, ಮೂರನೇ ಚರಣದಲ್ಲಿ, ಒಳಗೆ ಬರಬೇಕಿದ್ದ ರೂಪ ಹೊರಗೆ ಹೋದಳು. ಹಗ್ಗಕ್ಕೆ ಹಗ್ಗ ಸಿಕ್ಕಿಕೊಂಡಿತು. ನನ್ನ ಗಾಜಿನಂಥ ಹಾಡು ಯಾರಿಗೂ ಕಾಯದೆ ಓಡಿ, ಸರಿಯಾಗಿ ಏಳು ನಿಮಿಷಕ್ಕೆ ನಿಂತಿತು. ಮೇಲೆ ಜಡೆ ಮಾತ್ರ ಹಾಗೇ ಇತ್ತು.

“ಟೈಮ್ ಅಯಿಪೋಯಿಂದಿ, ದಿಗಂಡಮ್ಮಾ” ಎಂದರು ಮೈಕಿನವರು, ಟೈಮ್ ಮುಗಿಯಿತು, ಇಳಿಯಿರಿ ಎಂದು.

ಪದ್ಮಕ್ಕ ಹಗ್ಗ ಬಿಡಲಿಲ್ಲ. “ಬಿಚ್ಚದಂಗೆ ಇಳಿಯಾಕಿಲ್ಲ ಸಾ.”

ಓಬಳಪ್ಪ ಎದ್ದು, ಕನ್ಸೋಲ್ ಹತ್ತಿರ ಕುಳಿತಿದ್ದ ನನ್ನ ಬಳಿ ಬಂದು ಕೈ ಹಿಡಿದ. ಬೆರಳುಗಳನ್ನು ನೂಲು ಹೆಣೆದ ಹಾಗೆ ಒಳಗೆ, ಹೊರಗೆ ಆಡಿಸಿದ. ತನ್ನ ಬಾಯಿ ತೋರಿಸಿದ. ಆಮೇಲೆ ನನ್ನ ಲ್ಯಾಪ್‌ಟಾಪ್. ಆಗ ಹೊಳೆಯಿತು. ನಾನು ಕಸ ಎಂದು ಗುಡಿಸಿದ್ದೇ ಅವರ ದಾರಿಯಾಗಿತ್ತು. ಎರಡು ಸಲ ಬಂದ ಸಾಲು ತಡವಾದವಳಿಗೆ ಕಾಯಲು, ಗದರಿದ್ದು ತಪ್ಪುವವಳಿಗೆ ತಿರುವು ತೋರಿಸಲು.

ಯಾವ ಫೈಲನ್ನೂ ಅಳಿಸದ ಜಿಪುಣ ಬುದ್ಧಿ ಅವತ್ತು ಉಳಿಸಿತು. ಕತ್ತರಿಸದ ರೆಕಾರ್ಡಿಂಗಿನ ಪ್ರತಿ ಲ್ಯಾಪ್‌ಟಾಪಿನಲ್ಲೂ ಇತ್ತು. “ಕೊಂಚೆಂ ಆಗಂಡಿ ಸಾರ್”, ಸ್ವಲ್ಪ ತಡೆಯಿರಿ ಎಂದು ಮೈಕಿನವರಿಗೆ ಕೈಮುಗಿದು ಕೇಬಲನ್ನು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಅಷ್ಟರಲ್ಲಿ ಓಬಳಪ್ಪ ರಂಗದ ಕೆಳಗೆ ನಿಂತು ಕೈಸನ್ನೆಯಲ್ಲೇ ಅವರನ್ನು ಒಂದೊಂದು ಹೆಜ್ಜೆ ಹಿಂದಕ್ಕೆ ನಡೆಸಿದ. ಸಿಕ್ಕು ಬಿಟ್ಟಿತು. ಅಂಗೈ ಎತ್ತಿದ. ನಾನು ಮೂರನೇ ಚರಣದಿಂದ ಹಾಡು ಬಿಟ್ಟೆ.

“ರೂಪಾ, ಒಳಕ್ ಬಾರೇ.”

ರೂಪ ಒಳಗೆ ಬಂದಳು. ‘ನಿಂಗೇನ್ ಬಸ್ಸು ಹೋಯ್ತದಾ’ ಬಂದಾಗ ಹಾಲ್‌ಗೆ ಹಾಲೇ ನಕ್ಕಿತು, ಪದ್ಮಕ್ಕನೂ ನಕ್ಕು ನಿಧಾನಿಸಿದರು. ಉರುಮೆಯವರು ಬದಿಯಲ್ಲಿ ನಿಂತು ಬೆರಳಿನಲ್ಲೇ ಮೆಲ್ಲಗೆ ತಾಳ ಕೊಟ್ಟರು. ಎಂಟು ಹಗ್ಗ ಎಂಟಾಗಿ ಇಳಿದವು. ಆಮೇಲೆ ಸ್ಪೀಕರಿನಿಂದ ಒಂದು ದೊಡ್ಡ ಕೆಮ್ಮು, ಅದಕ್ಕೂ ಚಪ್ಪಾಳೆ.

ಓಬಳಪ್ಪನಿಗೆ ಆಮೇಲೆ ಮಾತು ಬಂತು, ಹಾಡು ಬರಲಿಲ್ಲ. ನನ್ನನ್ನು ಬೀದಿಯಲ್ಲಿ ಕಂಡರೆ ಎರಡು ಬೆರಳನ್ನು ಕತ್ತರಿ ಮಾಡಿ ತೋರಿಸಿ ಹೋಗುತ್ತಿದ್ದ. ಅವನು ತೀರಿಕೊಂಡು ನಾಲ್ಕು ವರ್ಷವಾಯಿತು. ಅಂಗಡಿಯನ್ನೂ ಮುಚ್ಚಿದೆ, ಈಗ ಎಲ್ಲರೂ ಫೋನಿನಲ್ಲೇ ಕತ್ತರಿಸಿಕೊಳ್ಳುತ್ತಾರೆ. ಕಸುಬು ನನಗೆ ಕಲಿಸಿದ್ದು ಇಷ್ಟೇ: ಒಂದು ಸದ್ದನ್ನು ತೆಗೆಯುವ ಮೊದಲು ಅದು ಯಾರಿಗೋಸ್ಕರ ಇದೆ ಎಂದು ಕೇಳು.

ಹೋದ ವಾರ ಭಜನೆ ಮನೆಗೆ ಹೋಗಿದ್ದೆ. ರೂಪ ಮದುವೆಯಾಗಿ ಸೋಮಂದೇಪಲ್ಲಿಯಲ್ಲಿದ್ದಾಳೆ. ಅವಳ ಹಗ್ಗ ಈಗ ಶ್ರಾವಣಿ ಎಂಬ ಹುಡುಗಿಯ ಕೈಯಲ್ಲಿ.

“ಅಂಕಲ್, ಹಾಡ್ನಾಗೆ ರೂಪಕ್ಕನ್ ಹೆಸ್ರು ತೆಗ್ದು ನನ್ ಹೆಸ್ರು ಹಾಕಾಕಾಯ್ತದಾ?” ಎಂದಳು.

ಆಗುತ್ತದೆ, ಈಗಿನ ಸಾಫ್ಟ್‌ವೇರ್‌ಗೆ ಅದೇನು ದೊಡ್ಡದಲ್ಲ. ಆದರೆ ಪದ್ಮಕ್ಕ ಬಿಡಲಿಲ್ಲ. “ಆ ಹಗ್ಗ ಹಿಡ್ದೋಳು ಯಾರಾದ್ರೂ ರೂಪಾನೇ ಕಣೇ. ನಿಂತ್ಕ ಜಾಗ್ದಾಗೆ.”

ಹಾಡು ಶುರುವಾಯಿತು. ಹೆಣೆದರು, ತಿರುಗಿದರು, ಬಿಚ್ಚತೊಡಗಿದರು. ಮೂರನೇ ಚರಣ.

“ರೂಪಾ, ಒಳಕ್ ಬಾರೇ” ಎಂದ ಓಬಳಪ್ಪ.

ಶ್ರಾವಣಿ ಒಳಗೆ ಬಂದಳು.