ಮುಡಿಪಿನೊಳಗಿನ ಕಲ್ಲು

ಮುಡಿಪನ್ನು ದಾರಿಯಲ್ಲಿ ಯಾರೂ ಕದಿಯಲಿಲ್ಲ. ಕಳವಾದದ್ದು ಮನೆಯಲ್ಲಿ, ನಾನು ಹೊಸ್ತಿಲು ದಾಟುವ ಮೊದಲೇ. ಶ್ರೀಶೈಲದತನಕ ನಡೆದ ಅಷ್ಟೂ ದಿನ ನಾನು ಅನುಮಾನಪಟ್ಟದ್ದು ಒಬ್ಬ ಬಡ ವಿಧವೆಯ ಮೇಲೆ. ಅದು ನನ್ನ ತಪ್ಪು. ಉಳಿದದ್ದು ನನ್ನ ತಪ್ಪಲ್ಲ.

ಆಗ ನಿಜಾಮರ ಆಳಿಕೆ. ನಾನು ಕಲಬುರಗಿಯ ಮಗಳು, ಕಮಲಾಪುರದ ಸೊಸೆ. ಮೊದಲಿನ ಎರಡು ಕೂಸು ತೊಟ್ಟಿಲಲ್ಲೇ ಹೋದವು. ಮೂರನೆಯದು ಹೆಣ್ಣು. ಇದೊಂದು ಉಳಿದು ಎರಡು ವರ್ಷ ತುಂಬಿದರೆ ನಡೆದೇ ಬಂದು ಬೆಳ್ಳಿ ತೊಟ್ಟಿಲು ಒಪ್ಪಿಸುತ್ತೇನೆ ಎಂದು ಶ್ರೀಶೈಲದ ಮಲ್ಲಯ್ಯನಿಗೆ ಹರಕೆ ಹೊತ್ತೆ. ಕೂಸು ಉಳಿಯಿತು. ಹರಕೆ ತಪ್ಪಿದರೆ ದೇವರು ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಿದ್ದರು. ನಾನೂ ನಂಬಿದ್ದೆ.

ತವರಿನವರು ಹಾಕಿದ್ದ ಕಾಲ್ಗಡಗ ಬಿಚ್ಚಿ ಅತ್ತೆಯ ಕೈಗೆ ಕೊಟ್ಟೆ. ಪತ್ತಾರನ ಹತ್ತಿರ ಕರಗಿಸಿ ತೊಟ್ಟಿಲು ಮಾಡಿಸಿ ತರುತ್ತೇನೆಂದು ಹೋದ ಅತ್ತೆ, ಬರುವಾಗ ಅರಿಶಿನದ ಬಟ್ಟೆಯಲ್ಲಿ ಕಟ್ಟಿ, ಗಂಟಿನ ಮೇಲೆ ಕರಿದಾರದಿಂದ ಹೊಲಿದುಕೊಂಡೇ ಬಂದರು. ನೋಡಬೇಕೆಂದೆ. ಕಟ್ಟಿದ ಮುಡಿಪನ್ನು ದೇವರ ಮುಂದೆಯೇ ಬಿಚ್ಚಬೇಕು, ನಡುವೆ ಬಿಚ್ಚಿದರೆ ಹರಕೆ ಕೆಡುತ್ತದೆ ಅಂದರು. ಅದು ಸುಳ್ಳಲ್ಲ, ನಮ್ಮ ಪದ್ಧತಿ ಹಾಗೆಯೇ. ಬಟ್ಟೆಯ ಮೇಲೆ ಕೈಯಾಡಿಸಿದೆ. ತೊಟ್ಟಿಲಿನ ಆಕಾರ ಕೈಗೆ ಸಿಕ್ಕಿತು, ತೂಕವೂ ಇತ್ತು. ಸುಮ್ಮನಾದೆ. ಕೂಸನ್ನು ಅತ್ತೆಯ ಹತ್ತಿರ ಬಿಡಲು ಮನಸ್ಸಾಗದೆ ಕಲಬುರಗಿಯ ತವರಲ್ಲಿ ಬಿಟ್ಟೆ. ಮುಡಿಪಿನ ವಿಷಯದಲ್ಲಿ ಮಾತ್ರ ಆ ಬುದ್ಧಿ ಬರಲಿಲ್ಲ.

ಯುಗಾದಿಗೆ ಶ್ರೀಶೈಲದ ಮಲೆ ಮುಟ್ಟುವ ಹಾಗೆ ಕಲಬುರಗಿಯಿಂದ ಮಲ್ಲಯ್ಯನ ಕಂಬಿ ಹೊತ್ತ ಯಾತ್ರೆಯವರು ಹೊರಟರು. ದೇವರ ಕಂಬಿಯನ್ನು ಹೆಗಲಿಂದ ಹೆಗಲಿಗೆ ಬದಲಿಸುತ್ತ, ನೆಲಕ್ಕಿಡದೆ ಗಂಡಸರು ಮುಂದೆ. ರೊಟ್ಟಿಗಂಟು ಹೊತ್ತ ಹೆಂಗಸರು ಹಿಂದೆ. ಬಜಾರಿನಲ್ಲಿ ಮೊರ ಹಿಡಿದು ತೊಗರಿ ಕೇರಿ ಬದುಕುತ್ತಿದ್ದ ಒಬ್ಬ ವಿಧವೆ ನನ್ನ ಪಕ್ಕ ಹಿಡಿದಳು. ಅದು ಆಕೆಗೆ ಐದನೆಯ ನಡಿಗೆ. ಮೊದಲ ದಿನವೇ ಮುಡಿಪಿನಲ್ಲಿ ಏನಿದೆ ಎಂದು ಕೇಳಿದಳು. ದೇವರದು ಅಂದೆ.

“ದೇವರದು ಅಂತ ನನಗೂ ಗೊತ್ತದ ತಂಗಿ. ಬೆಳ್ಳಿ ಏನ?”

ಅಲ್ಲಿಂದ ಆಕೆಯ ಮೇಲೆ ನನ್ನ ಕಣ್ಣು. ಹಳ್ಳದಲ್ಲಿ ಮೈ ತೊಳೆಯುವಾಗ ಹಿಡಿದುಕೊಳ್ಳುತ್ತೇನೆ ಕೊಡು ಅಂದಳು. ನಾನು ಕೊಡದೆ ತಲೆಯ ಮೇಲೆ ಕಟ್ಟಿಕೊಂಡೇ ಮುಳುಗಿದೆ. ಉಳಿದ ಹೆಂಗಸರು ನಕ್ಕರು. ನಗಲಿ. ಆಕೆ ಹಿಂದೆ ನಡೆದರೆ ನಾನು ನಿಂತು ಮುಂದೆ ಬಿಡುತ್ತಿದ್ದೆ. ಕಾಲಿಗೆ ಬೊಕ್ಕೆ ಬಂದಾಗ ಎಣ್ಣೆ ಹಚ್ಚಿದ್ದೂ ಆಕೆಯೇ. ಎಣ್ಣೆ ಹಚ್ಚುವವಳ ಕೈ ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತಲೇ ಹಚ್ಚಿಸಿಕೊಂಡೆ.

ನನ್ನ ರೊಟ್ಟಿಗಂಟಿನಲ್ಲಿ ಕಾಯಿಯಾಗಿ ಹೊರಟ ಕಮಲಾಪುರದ ಕೆಂಪು ಬಾಳೆ ಹಣ್ಣಾಗುವ ಹೊತ್ತಿಗೆ ನಲ್ಲಮಲೆಯ ಕಾಡು ಹತ್ತಿದೆವು. ಆ ಏರಿನಲ್ಲಿ ಮುಡಿಪು ಸದ್ದು ಮಾಡತೊಡಗಿತು. ಹೆಜ್ಜೆಗೊಮ್ಮೆ ಕಟ್ ಕಟ್. ಬೆಳ್ಳಿಯ ಸದ್ದು ನನಗೆ ಗೊತ್ತು, ಕಡಗ ಹಾಕಿ ನಡೆದವಳು ನಾನು. ಇದು ಬೆಳ್ಳಿಯಲ್ಲ. ಆಕೆ ಯಾವಾಗ ಬದಲಿಸಿದಳು? ಗಂಟು ನೋಡಿದೆ, ಕರಿದಾರದ ಏಳು ಹೊಲಿಗೆ ಇತ್ತು. ಮನೆಯಲ್ಲಿ ಎಷ್ಟಿತ್ತೋ, ಎಣಿಸಿರಲಿಲ್ಲ. ಬಿಚ್ಚಿ ನೋಡಿದರೆ ಹರಕೆ ಕೆಡುತ್ತದೆ, ನೋಡದಿದ್ದರೆ ತಲೆ ಕೆಡುತ್ತದೆ. ಆಕೆಗೂ ಸದ್ದು ಕೇಳಿಸಿತ್ತು, ಆದರೆ ಏನೂ ಅನ್ನಲಿಲ್ಲ. ಅದನ್ನೂ ನಾನು ಕಳ್ಳತನದ ಗುರುತೆಂದೇ ತಿಳಿದೆ.

ಮಲೆ ಇಳಿದರೆ ಕೃಷ್ಣಾ ನದಿ, ಆಚೆ ಇಂಗ್ರೇಜಿ ಸರಕಾರದ ಮುಲುಕು. ಈಚೆ ನಿಜಾಮರ ಸುಂಕದ ನಾಕಾ. ಜವಾನ ಎಲ್ಲರ ಗಂಟು ಬಿಚ್ಚಿಸುತ್ತಿದ್ದ. ನನ್ನದಕ್ಕೆ ಕೈ ಹಾಕಿದಾಗ ಎರಡೂ ಕೈಯಿಂದ ಗಂಟು ಹಿಡಿದುಕೊಂಡೆ. ಉಳಿದ ಹೆಂಗಸರಿಂದ ನನ್ನ ಹರಕೆಯ ವಿಷಯ ಕೇಳಿದ್ದ ವಿಧವೆ ನಡುವೆ ಬಂದು, ಅದು ಕೂಸಿನ ಮನ್ನತ್, ಬಿಚ್ಚಬಾರದು ಎಂದು ಬಜಾರಿನ ಉರ್ದುವಿನಲ್ಲಿ ಹೇಳಿದಳು. ಮನ್ನತ್ ಅಂದಕೂಡಲೇ ಅವನು ಬಿಚ್ಚುವುದನ್ನು ಬಿಟ್ಟ. ಅಂಗೈಯಲ್ಲಿ ತೂಗಿದ, ಕಿವಿಯ ಹತ್ತಿರ ಅಲುಗಾಡಿಸಿದ.

“ಇಸ್ಮೇ ಚಾಂದಿ ನಹೀ ಮಾಯೀ, ಪತ್ಥರ್ ಹೈ. ಜಾವ್.”

ಬೆಳ್ಳಿ ಇಲ್ಲ, ಕಲ್ಲು. ಕಳ್ಳಿ ಬಾಯಿ ಬಿಡುವ ಮೊದಲೇ ಸರಕಾರದ ಜವಾನನೇ ಹೇಳಿದ ಹಾಗಾಯಿತು. ಹರಿಗೋಲಿನಲ್ಲಿ ಹೊಳೆ ದಾಟುವಾಗ ಆಕೆಯ ಎದುರಿಗೇ ಕೂತು ಮುಖ ನೋಡುತ್ತಿದ್ದೆ. ಆಕೆ ನೀರು ನೋಡುತ್ತಿದ್ದಳು.

ಮಲ್ಲಯ್ಯನ ಮುಂದೆ ಪೂಜಾರಿ ದಾರ ಹರಿದ. ಒಳಗೆ ಜೋಳದ ದಂಟಿನ ತೊಟ್ಟಿಲು, ಅದರಲ್ಲೊಂದು ಕಲ್ಲು. ದಂಟು ಹಸಿಯಾಗಿದ್ದಾಗ ಕಲ್ಲು ಬಿಗಿಯಾಗಿ ಕೂತಿರಬೇಕು. ಬಿಸಿಲಿಗೆ ಒಣಗಿ ಸಡಿಲಾಗಿತ್ತು. ದಂಟುಗಳನ್ನು ಜಾಲಿಮುಳ್ಳು ಚುಚ್ಚಿ ಜೋಡಿಸಿದ್ದರು. ಹಾಗೆ ಮುಳ್ಳು ಚುಚ್ಚಿ ಮಕ್ಕಳಿಗೆ ದಂಟಿನ ಬಂಡಿ ಮಾಡಿಕೊಡುವವರು ನಮ್ಮ ಮನೆಯಲ್ಲಿ ಒಬ್ಬರೇ.

“ಮಲ್ಲಯ್ಯಗ ದಂಟೂ ಅಷ್ಟ, ಬೆಳ್ಳಿನೂ ಅಷ್ಟ. ನಡದ ಬಂದಿದಿಯಲ್ಲ ತಂಗಿ,” ಅಂದಳು ವಿಧವೆ.

ಹೇಳುವುದು ಸುಲಭ. ಕೂಸು ನನ್ನದು. ಇದು ನಾ ಕಟ್ಟಿದ್ದಲ್ಲ, ಮುಂದಿನ ಯುಗಾದಿತನಕ ತಡಿ ಎಂದು ದೇವರಿಗೆ ಹೇಳಿ, ಕಲ್ಲನ್ನು ಸೆರಗಿಗೆ ಕಟ್ಟಿಕೊಂಡೆ. ಆಕೆಗೆ ತಪ್ಪಾಯಿತು ಅನ್ನಲಿಲ್ಲ. ಮರಳಿ ಬರುವಾಗ ಕಲಬುರಗಿಯತನಕ ಆಕೆಯ ಗಂಟು ನಾನು ಹೊತ್ತೆ.

ತವರಲ್ಲಿ ಕೂಸನ್ನು ಎತ್ತಿಕೊಂಡು ಕಮಲಾಪುರದ ಸೀಮೆ ಮುಟ್ಟಿದೆ. ಮಲೆಗೆ ನಡೆದು ಬಂದವರ ಕಾಲನ್ನು ಮನೆಯವರು ಸೀಮೆಯಲ್ಲೇ ತೊಳೆಯಬೇಕು, ಅತ್ತೆಯಾದರೂ ಸರಿ. ಅತ್ತೆ ತಂಬಿಗೆ ಹಿಡಿದು ಬಗ್ಗಿದರು. ಬೊಕ್ಕೆ ಕಂಡರೂ ಕೇಳಲಿಲ್ಲ.

“ಮುಡಿಪು ಅಲ್ಲೇ ಬಿಚ್ಚಿದ್ರೇನ?”

“ಬಿಚ್ಚಿದ್ರು.”

“ಪೂಜಾರಿ ಏನಂದ?”

“ಪೂಜಾರಿ ಏನೂ ಅನ್ನಲಿಲ್ರೀ ಅತ್ತಿ. ಮಲ್ಲಯ್ಯ ಕೇಳ್ಯಾನ.”

“ಏನ ಕೇಳ್ಯಾನ?”

“ದಂಟು ಯಾವ ಹೊಲದ್ದು ಅಂತ.”

ನೀರು ನನ್ನ ಕಾಲು ಬಿಟ್ಟು ನೆಲಕ್ಕೆ ಬಿತ್ತು. ಹಿಂದೆ ನಿಂತಿದ್ದ ನಾದಿನಿ ಸೆರಗನ್ನು ಸರ್ರನೆ ನಡುವಿನ ಮೇಲೆ ಎಳೆದುಕೊಂಡಳು. ಅಷ್ಟರಲ್ಲಿ ಕಂಡಿದ್ದೆ: ನಡುವಿಗೆ ಹೊಸ ಬೆಳ್ಳಿ ಡಾಬು. ಅದೇ ಊರಿನಲ್ಲಿ ಎರಡು ಓಣಿ ಆಚೆ ಕೊಟ್ಟಿದ್ದ ಅತ್ತೆಯ ಮಗಳು; ಮದುವೆಯಲ್ಲಿ ತವರಿನವರು ಡಾಬು ಹಾಕಿಲ್ಲವೆಂದು ಅವಳ ಅತ್ತೆಮನೆಯವರು ಆಡಿಕೊಳ್ಳುತ್ತಿದ್ದದ್ದು ಊರಿಗೇ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಕಸ ಹೊಡೆಯುವ ಮೊದಲೇ ನಾದಿನಿಯ ಮನೆಗೆ ಹೋದೆ. ಕಲ್ಲನ್ನು ಅವಳ ಒಲೆಯ ಕಟ್ಟೆಯ ಮೇಲಿಟ್ಟು ಕೈ ಚಾಚಿದೆ. ಅವ್ವ ಕೊಟ್ಟದ್ದು ಎಂದು ಅತ್ತಳು, ಬಿಚ್ಚಿ ಕೊಟ್ಟಳು. ನೇರ ಪತ್ತಾರನ ಅಂಗಡಿಗೆ ಹೋಗಿ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅವನ ಕುಲುಮೆಯ ಎದುರು ಕೂತೆ. ಡಾಬು ಕರಗಿ ನನ್ನ ಕಣ್ಣ ಮುಂದೆಯೇ ತೊಟ್ಟಿಲಾಗುವತನಕ ಏಳಲಿಲ್ಲ.