ಒಂದು ದಿನವೂ ತಪ್ಪದ ಹುಡುಗಿ

ಮಫ್ರಕ್ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಚಹಾ ಮಾಡುವವಳು. ಅಲ್ಲಿ ರುದೈನಾ ಟೀಚರು ಹತ್ತೊಂಬತ್ತು ವರ್ಷದಿಂದ ಪಾಠ ಹೇಳುತ್ತಿದ್ದರು. ಆನ್‌ಲೈನ್ ಪಾಠ ಬಂದ ಮೇಲೆ ಅವರಿಗೆ ಇನ್ನೊಂದು ಕೆಲಸ ಗಂಟುಬಿತ್ತು. ಹೆಚ್ಚಿನ ಮನೆಗಳಲ್ಲಿ ಇರುವುದು ಒಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ. ಹಾಗಾಗಿ ಹುಡುಗಿಯರ ಪಾಸ್‌ವರ್ಡುಗಳನ್ನು ಬರೆದಿಟ್ಟುಕೊಂಡು, ದಿನಾ ಬೆಳಿಗ್ಗೆ ಶಾಲೆ ಶುರುವಾಗುವ ಮೊದಲು ಟೀಚರೇ ಒಬ್ಬೊಬ್ಬರ ಹೆಸರಲ್ಲಿ ಪಾಠ ತೆರೆದು ಹಾಜರಿ ಹಾಕುತ್ತಿದ್ದರು.

ಚಳಿಗಾಲದಲ್ಲಿ ಅವರ ತರಗತಿಯ ಜುಮಾನಾಳನ್ನು ಅವಳಪ್ಪ ಮದುವೆ ಮಾಡಿ ಕಳಿಸಿದ. ಟೀಚರು ಅವಳ ಹೆಸರನ್ನು ಮಾತ್ರ ಬಿಡಲಿಲ್ಲ.

"ಹತ್ತು ದಿನ ಕಾಣದಿದ್ರೆ ಕಂಪ್ಯೂಟರು ಹೆಸರು ಹೊಡೆದುಹಾಕುತ್ತೆ ಚಿಕ್ಕಮ್ಮ. ನಾಳೆ ಹುಡುಗಿ ವಾಪಸ್ ಬಂದ್ರೆ ಎಲ್ಲಿ ಕೂರಿಸ್ಲಿ?" ಎಂದು ನನ್ನನ್ನೇ ಕೇಳಿದರು.

"ಸಿಕ್ಕಿಬಿದ್ರೆ ನಿಮ್ಮ ಕೆಲಸವೇ ಹೋಗುತ್ತಲ್ಲ ತಾಯಿ!"

"ಅಪಶಕುನ ನುಡೀಬೇಡಿ. ಚಹಾಕ್ಕೆ ಸಕ್ಕರೆ ಹಾಕಿ" ಎಂದು ನಕ್ಕರು. ಬೇರೆಯವರ ಹಾಜರಿ ಆಗಾಗ ತಪ್ಪುತ್ತಿತ್ತು. ಹೆಸರು ಹೋದೀತೆಂಬ ಭಯಕ್ಕೆ ಜುಮಾನಾಳದು ಒಂದು ದಿನವೂ ತಪ್ಪಲಿಲ್ಲ.

ಮೊನ್ನೆ, ಶಾಲೆ ಈ ಆನ್‌ಲೈನ್ ಪಾಠವನ್ನು ಹೇಗೆ ಬಳಸುತ್ತಿದೆಯೆಂದು ನೋಡಲು ಇನ್‌ಸ್ಪೆಕ್ಟರಮ್ಮ ಬಂದರು. ನಾನು ಚಹಾ ಹಿಡಿದು ತರಗತಿಯೊಳಗೆ ಹೋದಾಗ, ಕಂಪ್ಯೂಟರಿನಲ್ಲಿ ಹಾಜರಿ ನೋಡುತ್ತಿದ್ದ ಅವರ ಮುಖ ಅರಳಿತ್ತು.

"ಹದಿನೇಳು ಶಾಲೆ ನೋಡ್ದೆ, ಇಂಥ ಹುಡುಗಿ ಎಲ್ಲೂ ಇಲ್ಲ. ಒಂದು ದಿನಾನೂ ತಪ್ಪಿಸಿಲ್ವಲ್ಲ! ಎಲ್ಲಮ್ಮಾ ಜುಮಾನಾ? ಎದ್ದು ನಿಲ್ಲು, ನೋಡೋಣ."

ಯಾರೂ ಏಳಲಿಲ್ಲ. ಹುಡುಗಿಯರೆಲ್ಲ ತಲೆ ತಗ್ಗಿಸಿದರು.

"ಇವತ್ತು ಬಂದಿಲ್ವಾ?" ಎಂದು ಇನ್‌ಸ್ಪೆಕ್ಟರಮ್ಮ ಮತ್ತೆ ಪರದೆ ನೋಡಿದರು. ಅದರಲ್ಲಿ ಆ ಬೆಳಿಗ್ಗೆಯ ಹಾಜರಿಯೂ ಬಿದ್ದಿತ್ತು. ಅವರು ಪರದೆಯಿಂದ ಕಣ್ಣೆತ್ತಿ ಟೀಚರನ್ನು ನೋಡಿದರು. ಆಮೇಲೆ ಮೆಲ್ಲನೆ ನನ್ನ ಕಡೆ ತಿರುಗಿದರು.

"ಚಹಾ ಅಲ್ಲಿಡಿ ಅಮ್ಮ. ಹುಡುಗೀರನ್ನ ಹೊರಗೆ ಕರ್ಕೊಂಡು ಹೋಗಿ, ಬಾಗಿಲು ಹಾಕಿ."