ಪದಕದ ಹಿಂದಿನ ಅರಗು

ಕೊರೊನಾ ತಣ್ಣಗಾದ ಮರುವರ್ಷದ ಮಾತು. ಬೆಟಗೇರಿಯಲ್ಲಿ ಹರಳು ಪರೀಕ್ಷಿಸುವ ನನ್ನ ಅಂಗಡಿಗೆ ಆಗ ಇಪ್ಪತ್ತೆಂಟು ವರ್ಷ. ಮುಂಡರಗಿ, ಶಿರಹಟ್ಟಿಯ ಬಂಗಾರದ ಅಂಗಡಿಯವರೂ ನನ್ನ ಚೀಟಿ ನೋಡಿಯೇ ಹರಳು ಕೊಳ್ಳುತ್ತಿದ್ದರು. ಆ ಜಂಬ ನನಗೆ ಬೇಕಾದಷ್ಟಿತ್ತು.

ಒಂದು ಮಧ್ಯಾಹ್ನ ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿ ಬಸವರಾಜ ತಾಯಿ ಗಂಗವ್ವ, ಹೆಂಡತಿ ಶೈಲಾ ಇಬ್ಬರನ್ನೂ ಕರೆದುಕೊಂಡು ಬಂದ. ಗಂಗವ್ವ ನನ್ನ ಹಳೆಯ ಗಿರಾಕಿ. ಅವರ ಮನೆತನದ ಮಾಣಿಕ್ಯದ ಪದಕ ಸೊಸೆಗೇ ಸೇರುವ ರೂಢಿ. ಮದುವೆಯಾದಾಗಿನಿಂದ, ಅಂದರೆ ಒಂಬತ್ತು ವರ್ಷ, ಅದು ಶೈಲಾಳ ಕಪಾಟಿನಲ್ಲಿತ್ತು.

"ಹರಳು ಬದಲಾದಂಗ ಕಾಣತೈತ್ರಿ, ನೋಡ್ರಿ," ಎಂದರು ಗಂಗವ್ವ.

ಹಳೆಯ ಪದಕಗಳ ಬೆನ್ನು ಮುಚ್ಚಿರುತ್ತದೆ. ಹರಳಿನ ಹಿಂದೆ ಹೊಳಪಿನ ತಗಡು, ಅದರ ಹಿಂದೆ ಅರಗು ತುಂಬಿರುತ್ತಾರೆ. ನಾನು ಬೆನ್ನು ಬಿಚ್ಚಿ, ಅರಗು ಕೆರೆದು ಬುಟ್ಟಿಗೆ ಹಾಕಿ, ಹರಳನ್ನು ಲೆನ್ಸಿನ ಕೆಳಗೆ ಹಿಡಿದೆ. ಒಳಗೆ ದುಂಡನೆಯ ಗಾಳಿಗುಳ್ಳೆಗಳಿದ್ದವು.

"ಗಾಜು," ಎಂದೆ.

"ಕೇಳಿದೇನಲೇ ಬಸು, ನಿನ್ನ ಹೇಂತಿ ಕೈಗುಣ!" ಎಂದರು ಗಂಗವ್ವ ಮಗನಿಗೆ.

ಬಸವರಾಜ ಹೆಂಡತಿಯ ಮುಖ ಸಹ ನೋಡಲಿಲ್ಲ. ಶೈಲಾ ನನ್ನ ಕಡೆ ತಿರುಗಿದಳು. "ಕಾಕಾರ, ಯಾವಾಗ ಬದಲಾಗೈತಿ ಅನ್ನೋದನ್ನ ಹೇಳಾಕ ಬರತೈತೇನ್ರಿ?"

ಹೇಳಲು ಬರುತ್ತಿತ್ತು. ಅರಗು ಕಪ್ಪಾಗಿ, ಒಣಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಒಂಬತ್ತು ವರ್ಷದೊಳಗೆ ತುಂಬಿದ್ದಂತೂ ಅಲ್ಲ; ಶೈಲಾ ಆ ಮನೆಗೆ ಬರುವ ಮೊದಲೇ ಹರಳು ಬದಲಾಗಿತ್ತು. ಆದರೆ ಫೋಟೊ ತೆಗೆಯದೆ, ಬರೆದುಕೊಳ್ಳದೆ ಸಾಕ್ಷಿಯನ್ನೇ ಪುಡಿಮಾಡಿ ಹಾಕಿದ್ದೆ. ಒಪ್ಪಿಕೊಂಡರೆ ನನ್ನ ಹೆಸರಿಗೆ ಕುಂದು.

"ಅದು ನಮ್ಮ ಪರೀಕ್ಷೆಗೆ ಸಿಗಂಗಿಲ್ಲವ್ವ," ಎಂದೆ.

ಆ ಸಂಜೆಯೇ ಬಸವರಾಜ ಅವಳನ್ನು ಮುಂಡರಗಿಯ ತವರಿಗೆ ಬಿಟ್ಟುಬಂದ. ಆರು ತಿಂಗಳು ತಡೆದುಕೊಂಡೆ. ಕೊನೆಗೆ ಲಕ್ಷ್ಮೇಶ್ವರಕ್ಕೆ ಹೋಗಿ, ಒಬ್ಬರೇ ಇದ್ದ ಗಂಗವ್ವನಿಗೆ ಅರಗಿನ ವಿಷಯ ಹೇಳಿದೆ. ಅವರು ಚಹದ ಕಪ್ಪು ನನ್ನ ಮುಂದಿಟ್ಟರು.

"ನನಗೇನ್ ಗೊತ್ತಿಲ್ಲೇನ್ರಿ? ಮಗಳ ಲಗ್ನದಾಗ ಮಾಣಿಕ ತಗಸಿ ಆಕಿಗೆ ಕೊಟ್ಟಾಕಿ ನಾನ. ಇಪ್ಪತ್ತ ವರ್ಷ ಆತು. ಈ ಸೊಸಿ ಪದಕ ಮುರಿಸಿ ಬ್ಯಾರೆ ಮಾಡಸ್ತೀನಿ ಅಂತ ಹಟ ಹಿಡದ್ಲು. ಮುರಿಸಿದ್ರ ಗಾಜು ಅಂತ ಗೊತ್ತಾಗಿ ನನ್ನ ಮ್ಯಾಲ ಬರತಿತ್ತು."

"ಹಂಗಾರ ನನ್ನ ಕಡೆ ಯಾಕ ತಂದ್ರಿ?"

"ಸೊಸಿನ ಬದಲಿಸ್ಯಾಳ ಅಂತ ನಾ ಹೇಳಿದ್ರ ಮಗ ನಂಬತಿರಲಿಲ್ಲ. ನೀವಂದ್ರ ನಂಬತಾನ. ಚಾ ಆರತೈತಿ, ಕುಡೀರಿ."

ಅಲ್ಲಿಂದ ಸೀದಾ ಬಸವರಾಜನ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದೆ. "ಅವತ್ತ ಹೇಳಾಕ ಬರಂಗಿಲ್ಲ ಅಂದ್ರಿ, ಇವತ್ತ ಬರತೈತಿ ಅಂತೀರಿ. ಆಕಿ ತವರಿನವರು ಎಷ್ಟ ಕೊಟ್ಟಾರ್ರಿ?" ಎಂದು ಕೇಳಿದ.

ಈಗ ಪ್ರತಿಯೊಂದು ಪದಕದ ಬೆನ್ನಿನ ಫೋಟೊ ತೆಗೆದು, ಅರಗನ್ನೂ ಪೊಟ್ಟಣ ಕಟ್ಟಿ ಚೀಟಿಗೆ ಅಂಟಿಸುತ್ತೇನೆ. ಪರೀಕ್ಷಕ ಕಂಡದ್ದನ್ನು ಕಂಡ ಗಳಿಗೆಯಲ್ಲೇ ಹೇಳಬೇಕು ಎಂಬುದನ್ನು ಈ ವೃತ್ತಿ ನನಗೆ ಕಲಿಸಿತು. ಕಲಿಕೆಯ ಬೆಲೆಯನ್ನು ಮಾತ್ರ ಶೈಲಾ ತೆತ್ತಳು. ಅವಳಿನ್ನೂ ಮುಂಡರಗಿಯಲ್ಲಿದ್ದಾಳೆ.